ಕಾಲು, ಮುಖ, ಮಾತು: ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಪರಂಪರೆ ಮತ್ತು ಅಭಿಮಾನಿಗಳ ವಾಗ್ವಾದ

ಸಾರಾಂಶ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನ ಪ್ರೇಕ್ಷಕರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಸ್ಥಾನದ ಕುರಿತು ದಶಕಗಳಿಂದ ವಾದ ನಡೆದಿದೆ. ಇದನ್ನು ಸಾಮಾನ್ಯವಾಗಿ ಸಂಪ್ರದಾಯ ಮತ್ತು ಜನಪ್ರಿಯತೆಗಳ ಜಗಳವೆಂದು ಬಗೆಯಲಾಗುತ್ತದೆ. ವಾದಿಸುವವರು ಒಂದೇ ಕಲಾವಿದನ ಬೇರೆ ಬೇರೆ ಕಾಲದ ಆಟಗಳನ್ನು ಸಾಕ್ಷ್ಯವಾಗಿ ಇಟ್ಟುಕೊಂಡಿರುವುದೇ ಭಿನ್ನಾಭಿಪ್ರಾಯದ ದೊಡ್ಡ ಪಾಲಿಗೆ ಕಾರಣವೆಂಬುದು ಈ ಲೇಖನದ ನಿಲುವು. ಆದ್ದರಿಂದ ಮೌಲ್ಯಮಾಪನ ವ್ಯಕ್ತಿಯಿಂದಲ್ಲ, ಪದ್ಯದಿಂದ ಆರಂಭವಾಗಬೇಕೆಂದು ಇಲ್ಲಿ ಪ್ರತಿಪಾದಿಸಲಾಗಿದೆ.

1. ಪ್ರವೇಶ

ಹೊನ್ನಾವರ ತಾಲ್ಲೂಕಿನ ಹೊಸಾಕುಳಿಯಲ್ಲಿ 1933ರಲ್ಲಿ ಹುಟ್ಟಿದ ಚಿಟ್ಟಾಣಿಯವರು ಸುಮಾರು ಏಳು ದಶಕ ರಂಗಸ್ಥಳದಲ್ಲಿ ದುಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಯಕ್ಷಗಾನ ಕಲಾವಿದರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಆಗಲೂ ಅವರು ಗೆಜ್ಜೆ ಬಿಚ್ಚಿರಲಿಲ್ಲ. 2017ರ ಅಕ್ಟೋಬರ್ 3ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಎಂದೊಡನೆ ಕರಾವಳಿಯ ಪ್ರೇಕ್ಷಕರಿಗೆ ಅವರ ಹೆಸರು ನೆನಪಾಗುತ್ತದೆ. ಅದೇ ಪಾತ್ರಗಳ ಸುತ್ತ ಆಕ್ಷೇಪಗಳೂ ಬೆಳೆದಿವೆ.

ಆಕ್ಷೇಪಗಳನ್ನು ಮೂರಾಗಿ ಅಡಕಗೊಳಿಸಬಹುದು. ಕುಣಿತ ಅತಿಯಾಯಿತು, ಶೃಂಗಾರ ಸಿನಿಮಾದ ಕಡೆ ವಾಲಿತು ಎಂಬುದು ಒಂದು. ಒಬ್ಬ ವೇಷಧಾರಿಯ ಮೆರೆತದಲ್ಲಿ ಪ್ರಸಂಗದ ನಡೆ ಹಿಂದೆ ಬಿತ್ತು ಎಂಬುದು ಎರಡನೆಯದು. ಮುಂದಿನ ತಲೆಮಾರು ಅವರನ್ನು ಅನುಕರಿಸಲು ಹೋಗಿ ತಿಟ್ಟಿನ ಹದ ಕೆಡಿಸಿತು ಎಂಬುದು ಮೂರನೆಯದು. ಅಭಿಮಾನಿಗಳ ಸಮರ್ಥನೆಯೂ ಅಷ್ಟೇ ಗಟ್ಟಿ: ಆಟಕ್ಕೆ ಜನ ಬಂದದ್ದು ಅವರ ಕಾಲಿಗೆ, ಕೂತದ್ದು ಅವರ ಮುಖಕ್ಕೆ.

2. ಲೆಕ್ಕಕ್ಕೆ ಸಿಗದ ಸಾಧನೆ

ದೀರ್ಘಕಾಲ ದುಡಿದವರ ಹಿರಿಮೆಯನ್ನು ಅಳೆಯುವ ತೊಡಕು ಯಕ್ಷಗಾನಕ್ಕಷ್ಟೇ ಸೀಮಿತವಲ್ಲ. ಹಾಕಿಯ ಹಿಂಬದಿ ಆಟಗಾರನನ್ನು ಗಮನಿಸಿ. ಕೊಡಗಿನ ವಿ.ಆರ್. ರಘುನಾಥ್ ಫುಲ್‌ಬ್ಯಾಕ್ ಆಗಿದ್ದವರು, ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುತ್ತಿದ್ದವರು. ಅವರು ಹೊಡೆದ ಗೋಲುಗಳಿಗೆ ದಾಖಲೆ ಇದೆ. ಆದರೆ ತಡೆದ ದಾಳಿಗಳು ನೋಡಿದವರ ನೆನಪಿನಲ್ಲೇ ಉಳಿಯುತ್ತವೆ. ಹೀಗಾಗಿ ಡಿಫೆಂಡರ್‌ನ ಹಿರಿಮೆಯ ಚರ್ಚೆ ಬಹುಮಟ್ಟಿಗೆ ನೆನಪುಗಳ ನಡುವಿನ ಚರ್ಚೆ. ಯಕ್ಷಗಾನದಲ್ಲಿ ಗೋಲಿನಷ್ಟು ಆಧಾರವೂ ಇಲ್ಲ. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗ ಆಡುವಾಗಲೂ ಗೆದ್ದವರು ಯಾರೆಂಬುದನ್ನು ಮರುದಿನದ ಮಾತುಕತೆಯೇ ತೀರ್ಮಾನಿಸುತ್ತದೆ.

ಈ ಮಾತುಕತೆಗೆ ತನ್ನದೇ ಅಳತೆಗೋಲುಗಳಿವೆ. ಕಾಲು ಎಂದರೆ ತಾಳಕ್ಕೆ ಬೀಳುವ ಹೆಜ್ಜೆ, ಮಂಡಿ, ಬಿಡ್ತಿಗೆಯ ಮುಗಿತಾಯ. ಮುಖ ಎಂದರೆ ಕಣ್ಣು, ಹುಬ್ಬು, ಭಾವ. ಮಾತು ಎಂದರೆ ಅರ್ಥಗಾರಿಕೆ. ಚಿಟ್ಟಾಣಿಯವರಿಗೆ ಮೊದಲೆರಡರಲ್ಲಿ ಎದುರಾಳಿಗಳೂ ತಲೆದೂಗುತ್ತಾರೆ. ವಾದ ಹುಟ್ಟುವುದು ಈ ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬಲ್ಲಿ.

3. ಒಂದು ತಾಲ್ಲೂಕು, ಎರಡು ಮಾದರಿ

ಹೋಲಿಕೆಗೆ ಒದಗಿದ ಇನ್ನೊಂದು ಮಾದರಿಯೂ ಹೊನ್ನಾವರ ತಾಲ್ಲೂಕಿನದೇ. ಕೆರೆಮನೆ ಶಿವರಾಮ ಹೆಗಡೆಯವರು (1908–1992) 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗ ಶಿಕ್ಷಣ ಕೇಂದ್ರ ಸ್ಥಾಪಿಸಿದರು. ಪಾತ್ರೌಚಿತ್ಯ, ಹಿಡಿತದ ಕುಣಿತ, ಮಾತಿನ ಬಿಗಿ, ಇಡೀ ತಂಡದ ಹೊಂದಾಣಿಕೆ ಕೆರೆಮನೆ ಮಾದರಿಯ ಗುರುತುಗಳು. 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ರಂಗದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ಶಂಭು ಹೆಗಡೆಯವರು ನಿಧನರಾದರು.

ಕೆರೆಮನೆಯ ಪರಂಪರೆಗೆ ಸಂಸ್ಥೆಯಿದೆ, ಪಾಠಕ್ರಮವಿದೆ. ಚಿಟ್ಟಾಣಿಯವರ ದಾರಿ ಹರಡಿದ್ದು ಮುಖ್ಯವಾಗಿ ಮೇಳಗಳಲ್ಲಿ, ನೋಡಿ ಕಲಿಯುವುದರಿಂದ. ಶಾಲೆಯಲ್ಲಿ ತಪ್ಪು ತಿದ್ದುವ ಗುರು ಎದುರಿಗಿರುತ್ತಾನೆ. ನೋಡಿ ಕಲಿಯುವವನು ಕಣ್ಣಿಗೆ ಬೇಗ ಬೀಳುವುದನ್ನು ಮೊದಲು ಎತ್ತಿಕೊಳ್ಳುತ್ತಾನೆ. ಚಿಟ್ಟಾಣಿಯವರ ವೇಗ, ತಿರುಗು, ಕಣ್ಣಿನ ಚಲನೆ ಹಾಗೆ ಹರಡಿದವು. ಆ ವೇಗವನ್ನು ಎಲ್ಲಿ ತಡೆಯಬೇಕೆಂಬ ವಿವೇಕ ಅಷ್ಟು ಸುಲಭಕ್ಕೆ ದಾಟಲಿಲ್ಲ. ಅನುಕರಣೆಯ ದೋಷವನ್ನು ಮೂಲದ ಖಾತೆಗೆ ಜಮೆ ಮಾಡುವ ವಾದ ಇಲ್ಲಿಯೇ ಸಡಿಲವಾಗುತ್ತದೆ.

ಭೂಗೋಳದ ಪಾಲೂ ಇದೆ. ಹೊನ್ನಾವರ, ಕುಮಟಾಗಳ ರೂಢಿ ಬಡಾಬಡಗಿನದು. ಭಟ್ಕಳ ದಾಟಿದರೆ ಬೈಂದೂರು, ಕುಂದಾಪುರ. ಅಲ್ಲಿಂದ ತೆಂಕಣಕ್ಕೆ ಹಾರಾಡಿ, ಮಟಪಾಡಿ ಶೈಲಿಗಳ ನೆನಪು ಗಾಢ. ವೀರ, ಗಾಂಭೀರ್ಯಗಳ ನಿಲುವನ್ನು ಮೆಚ್ಚಿ ಬೆಳೆದ ಕಣ್ಣಿಗೆ ಶೃಂಗಾರಪ್ರಧಾನ ಕೀಚಕ ಹೊಸತಾಗಿ ಕಂಡರೆ ಅಚ್ಚರಿಯಿಲ್ಲ. ಎರಡೂ ಅಭಿರುಚಿಗಳು ಕೂಡುವ ಗಡಿಯಲ್ಲಿರುವ ಭಟ್ಕಳ ಸೀಮೆಯಲ್ಲಿ ಒಂದೇ ಆಟಕ್ಕೆ ಎರಡು ತೀರ್ಪು ಸಹಜ.

4. ಕೀಚಕನ ಒಂದು ಪದ್ಯ

ವಿರಾಟನ ಮೈದುನನಾದ ಕೀಚಕ ಸೈರಂಧ್ರಿಯನ್ನು ಮೊದಲ ಬಾರಿ ಕಾಣುವ ಸಂದರ್ಭವನ್ನು ಹತ್ತಿರದಿಂದ ನೋಡೋಣ. ಭಾಗವತರು ಪದ್ಯ ಎತ್ತಿಕೊಳ್ಳುತ್ತಾರೆ. ವೇಷಧಾರಿ ಸಾಲಿನ ಅರ್ಥವನ್ನು ಕೈ, ಕಣ್ಣುಗಳಲ್ಲಿ ತೋರಿಸಿ ಕುಣಿತಕ್ಕೆ ತೊಡಗುತ್ತಾನೆ. ಅವನ ಹೆಜ್ಜೆ ನೋಡಿ ಮದ್ದಳೆ ನುಡಿಯುತ್ತದೆ, ಏರಿನಲ್ಲಿ ಚಂಡೆ ಸೇರುತ್ತದೆ. ಭಾಗವತರು ಅದೇ ಸಾಲನ್ನು ಮರಳಿ ಹಾಡಿದರೆ ನಟನಿಗೆ ಇನ್ನೊಂದು ಭಾವಕ್ಕೆ ಎಡೆ ಸಿಗುತ್ತದೆ: ಮೊದಲು ಬೆರಗು, ಆಮೇಲೆ ಆಸೆ, ಆಮೇಲೆ ಅಧಿಕಾರದ ದರ್ಪ. ಮುಕ್ತಾಯವಾದ ಮೇಲೆ ಮಾತು.

ಚಿಟ್ಟಾಣಿಯವರ ವಿಶೇಷವಿದ್ದದ್ದು ಈ ಪುನರಾವರ್ತನೆಯ ಬಳಕೆಯಲ್ಲಿ. ಸಾಲು ಮರಳಿದಂತೆ ಭಾವ ಬದಲಾದರೆ ಅದು ವಿಸ್ತಾರ. ಭಾವ ನಿಂತು ಹೆಜ್ಜೆ ಮಾತ್ರ ಹೆಚ್ಚಿದರೆ ಅದು ಅತಿ. ಆಕ್ಷೇಪ, ಮೆಚ್ಚುಗೆ ಎರಡನ್ನೂ ಪರೀಕ್ಷಿಸಲು ಇದಕ್ಕಿಂತ ಸ್ಪಷ್ಟ ಒರೆಗಲ್ಲು ಬೇಡ. ಕೀಚಕನಿಗೆ ಮೋಹವೇ ಸ್ವಭಾವ. ಅಲ್ಲಿ ಶೃಂಗಾರ ಹಿಗ್ಗಿದಷ್ಟೂ ಮುಂದಿನ ವಧೆಗೆ ನ್ಯಾಯ ಒದಗುತ್ತದೆ. ಅದೇ ವಿಸ್ತಾರ ಇನ್ನೊಂದು ಪಾತ್ರಕ್ಕೆ ಹೊಂದದಿರಬಹುದು. ಒಂದು ಪಾತ್ರಕ್ಕೆ ಸಲ್ಲುವ ತೀರ್ಪನ್ನು ಇಡೀ ಬಾಳಿಗೆ ಹಚ್ಚುವುದರಿಂದಲೇ ಎರಡೂ ಪಕ್ಷಗಳು ಹಟಕ್ಕೆ ಬೀಳುತ್ತವೆ.

ಹಿಮ್ಮೇಳದ ಪಾಲನ್ನು ಅಭಿಮಾನಿಗಳು ಮರೆಯುವುದೂ ಉಂಟು. ಸಾಲನ್ನು ಎಷ್ಟು ಸಲ ಮರಳಿಸಬೇಕು, ಲಯವನ್ನು ಎಲ್ಲಿ ಏರಿಸಬೇಕು ಎಂಬುದು ಭಾಗವತರ ಕೈಯಲ್ಲಿದೆ. ಕಾಳಿಂಗ ನಾವಡರು (1958–1990) ಗಾಯನದಲ್ಲಿ ಹೊಸತು ತಂದಾಗಲೂ ಸಂಪ್ರದಾಯಭಂಗದ ಮಾತು ಎದ್ದಿತ್ತು. ಅಂದರೆ ಟೆಂಟ್ ಮೇಳಗಳ ಕಾಲದ ಬದಲಾವಣೆ ಒಬ್ಬ ವೇಷಧಾರಿಯಿಂದ ಆದದ್ದಲ್ಲ. ಟಿಕೆಟ್ ಕೊಂಡು ಕೂತ ಸಭೆ, ಪೈಪೋಟಿ, ಹೊಸ ಪ್ರಸಂಗಗಳು, ಹೊಸ ಗಾಯನ ಎಲ್ಲವೂ ಜೊತೆಗೂಡಿದ್ದವು.

5. ಸಾಕ್ಷ್ಯದ ಒಡಕು

ಹಿರಿಯ ಪ್ರೇಕ್ಷಕರು ಮಾತಾಡುವುದು ಇಡೀ ರಾತ್ರಿಯ ಆಟಗಳಲ್ಲಿ ಕಂಡ, ನಡುವಯಸ್ಸಿನ ಚಿಟ್ಟಾಣಿಯವರ ಬಗ್ಗೆ. ಆ ಕಾಲದ ದೃಶ್ಯಮುದ್ರಣ ವಿರಳ. ಕಿರಿಯರು ಕಂಡದ್ದು ಬಹುಪಾಲು ಮುಪ್ಪಿನ ಚಿಟ್ಟಾಣಿಯವರನ್ನು, ಅದೂ ಕಾಲಮಿತಿ ಪ್ರಯೋಗಗಳಲ್ಲಿ ಅಥವಾ ಮೊಬೈಲಿನ ತುಣುಕುಗಳಲ್ಲಿ. ಕಾಲಮಿತಿ ಆಟದಲ್ಲಿ ಪ್ರಸಂಗ ಕುಗ್ಗುತ್ತದೆ, ಜನ ಬಯಸುವ ಪದ್ಯ ಉಳಿಯುತ್ತದೆ. ತುಣುಕಿನಲ್ಲಿ ಆ ಪದ್ಯದ ಏರು ಮಾತ್ರ ಉಳಿಯುತ್ತದೆ. ಚಪ್ಪಾಳೆ ಬಿದ್ದ ಕ್ಷಣವನ್ನಷ್ಟೇ ನೋಡಿದವನಿಗೆ ಚಪ್ಪಾಳೆಗಾಗಿಯೇ ಕುಣಿದಂತೆ ಕಾಣುವುದು ಸಹಜ.

ಮುಪ್ಪಿನ ಆಟವನ್ನು ತೂಗುವ ಬಗೆಯೂ ಇಲ್ಲಿ ಎದುರಾಗುತ್ತದೆ. ಎಂಬತ್ತರ ಗಡಿಯಲ್ಲಿ ಮಂಡಿ ಹಾಕಿದವರನ್ನು ಕಂಡು ಬೆರಗಾಗುವುದು ದೇಹಕ್ಕೆ ಸಲ್ಲುವ ಮೆಚ್ಚುಗೆ; ಪಾತ್ರಕ್ಕೆ ಸಲ್ಲುವುದು ಬೇರೆ. ವಯಸ್ಸು ಕಾಲಿನ ವೇಗ ಕಿತ್ತುಕೊಂಡಂತೆ ಮುಖದ ಕೆಲಸಕ್ಕೆ ಭಾರ ಹೆಚ್ಚುತ್ತದೆ. ಆದ್ದರಿಂದ ಕೊನೆಯ ವರ್ಷಗಳ ಮುದ್ರಣಗಳನ್ನು ಕುಸಿತದ ದಾಖಲೆಯೆಂದಾಗಲಿ ಪವಾಡವೆಂದಾಗಲಿ ಓದುವ ಬದಲು, ಒಂದೇ ಪಾತ್ರದ ಬೇರೆ ಹಂಚಿಕೆಯೆಂದು ಓದುವುದು ಹೆಚ್ಚು ಫಲಕಾರಿ.

6. ಸಮಾರೋಪ

ಯಕ್ಷಗಾನ ಅಧ್ಯಯನಕ್ಕೆ ಶಿವರಾಮ ಕಾರಂತರಿಂದ ಮಾರ್ತಾ ಆಶ್ಟನ್‌ವರೆಗೆ ದೊಡ್ಡ ಪರಂಪರೆಯಿದೆ. ವೇಷ, ಹೆಜ್ಜೆ, ಸಂಗೀತಗಳ ಜೊತೆಗೆ ಪ್ರೇಕ್ಷಕರ ತೀರ್ಪನ್ನೂ ಆಕರವಾಗಿ ಪರಿಗಣಿಸುವ ಕಾಲ ಈಗ ಬಂದಿದೆ. ಅದಕ್ಕೆ ಶಿಸ್ತು ಬೇಕು. ಹಿರಿಯ ಪ್ರೇಕ್ಷಕರ ನೆನಪನ್ನು ದಾಖಲಿಸುವಾಗ ಯಾವ ಪಾತ್ರ, ಯಾವ ಪದ್ಯ, ಭಾಗವತರು ಯಾರು, ಇಡೀ ರಾತ್ರಿಯ ಆಟವೋ ಕಾಲಮಿತಿಯೋ, ಕಲಾವಿದರ ವಯಸ್ಸು ಎಷ್ಟಿತ್ತು ಎಂಬುದನ್ನು ಜೊತೆಗೆ ಬರೆದಿಡಬೇಕು. ಹಾಗೆ ಮಾಡಿದರೆ ಚಿಟ್ಟಾಣಿ ದೊಡ್ಡವರೋ ಕೆರೆಮನೆಯವರು ದೊಡ್ಡವರೋ ಎಂಬ ಪ್ರಶ್ನೆ ಕರಗಿ, ಯಾವ ಪದ್ಯದಲ್ಲಿ ಯಾರು ಏನನ್ನು ಸಾಧಿಸಿದರು ಎಂಬ ಪ್ರಶ್ನೆ ಉಳಿಯುತ್ತದೆ. ಚಿಟ್ಟಾಣಿಯವರ ಮೇಲಿನ ಕೆಲವು ಆಕ್ಷೇಪಗಳು ಆ ಪರೀಕ್ಷೆಯಲ್ಲಿ ನಿಲ್ಲಬಹುದು. ಆದರೆ ಅನುಕರಿಸಿದವರ ದೋಷಕ್ಕೂ ತುಣುಕು ಮುದ್ರಣಗಳ ಮಿತಿಗೂ ಅವರನ್ನು ಹೊಣೆ ಮಾಡುವ ಆಕ್ಷೇಪಗಳು ನಿಲ್ಲಲಾರವು.