ನಿತ್ಯಪುಷ್ಪದ ಕಥೆ

ವಾಚಕರೇ, ತಮ್ಮ ಮನೆಯಂಗಳದಲ್ಲಿ ನಿತ್ಯಪುಷ್ಪದ ಗಿಡವೊಂದು ಇರಬಹುದು. ಕೆಲವರು ಅದನ್ನು ಕಾಶಿಕಣಗಿಲೆ ಎನ್ನುವರು. ವರ್ಷವಿಡೀ ಹೂ ಬಿಡುವುದರಿಂದ ಮೊದಲನೆಯ ಹೆಸರು ಅನ್ವರ್ಥವೇ ಸರಿ. ಎರಡನೆಯದು ಹಾಗಲ್ಲ; ಗಿಡದ ತವರು ಕಾಶಿಯಲ್ಲ, ಮಡಗಾಸ್ಕರ್ ದ್ವೀಪ. ಈ ಸಾಮಾನ್ಯ ಗಿಡ ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಮದ್ದನ್ನು ಕೊಟ್ಟ ಬಗೆ ಕೇಳತಕ್ಕದ್ದಾಗಿದೆ.

1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾ ದ್ವೀಪದಿಂದ ಒಂದು ಲಕೋಟೆ ಬಂದಿತು. ಅದರಲ್ಲಿದ್ದುದು ಈ ಗಿಡದ 25 ಎಲೆಗಳು. ಅಲ್ಲಿನ ಜನ ಸಿಹಿಮೂತ್ರ ರೋಗಕ್ಕೆಂದು ಇದರ ಕಷಾಯವನ್ನು ಕುಡಿಯುತ್ತಿದ್ದರು. ಕ್ಲಾರ್ಕ್ ಅವರು ಎಲೆಗಳನ್ನು ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾನಿಲಯದಲ್ಲಿದ್ದ ತಮ್ಮ ಸೋದರ ರಾಬರ್ಟ್ ಅವರಿಗೆ ಒಪ್ಪಿಸಿದರು.

ರಾಬರ್ಟ್ ಕಷಾಯವನ್ನು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಚುಚ್ಚಿದಾಗಲಾದರೋ ಇಲಿಗಳು ಸೋಂಕು ತಗುಲಿ ಸತ್ತವು. ಮದ್ದು ಸುಳ್ಳೆಂದು ಅವರು ಕೈಬಿಡಬಹುದಾಗಿತ್ತು. ಹಾಗೆ ಮಾಡದೆ, ಸತ್ತುದೇಕೆಂದು ವಿಚಾರಿಸಿದರು. ಇಲಿಗಳ ಬಿಳಿಯ ರಕ್ತಕಣಗಳು ತೀರ ಕಡಮೆಯಾಗಿದ್ದವು. ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದೇ ಏಕೆ ಮದ್ದಾಗಬಾರದು? ಚಾರ್ಲ್ಸ್ ಬಿಯರ್ ಎಂಬ ರಸಾಯನಜ್ಞರೊಡನೆ ದುಡಿದು, 1958ರ ವೇಳೆಗೆ ಆ ಸತ್ತ್ವವನ್ನು ಬೇರ್ಪಡಿಸಿದರು. ಅದೇ ವಿನ್‌ಬ್ಲಾಸ್ಟಿನ್.

ಅದೇ ಕಾಲದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಲಿಲ್ಲಿ ಔಷಧ ಸಂಸ್ಥೆಯಲ್ಲಿ ಸ್ವೊಬೋಡ, ಜಾನ್ಸನ್ ಎಂಬವರು ರಕ್ತದ ಕ್ಯಾನ್ಸರ್ ತಗುಲಿಸಿದ ಚಿಟ್ಟಿಲಿಗಳಿಗೆ ಇದೇ ಗಿಡದ ಸಾರವನ್ನು ಕೊಟ್ಟು ನೋಡಿದ್ದರು. ಅವುಗಳ ಆಯಸ್ಸು ಹೆಚ್ಚಿತು. ಅಲ್ಲಿಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಮದ್ದು ದೊರೆತು, 1963ರಲ್ಲಿ ಆ ದೇಶದ ಸರ್ಕಾರದ ಒಪ್ಪಿಗೆ ಪಡೆಯಿತು. ಜೀವಕಣವು ಒಂದು ಎರಡಾಗುವುದನ್ನು ಇವು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇತರ ಮದ್ದುಗಳ ಜೊತೆಯಲ್ಲಿ ವಿನ್‌ಕ್ರಿಸ್ಟಿನನ್ನು ಇಂದಿಗೂ ಕೊಡುತ್ತಾರೆ.

ಇಷ್ಟನ್ನು ಓದಿ ತಾವು ಅಂಗಳಕ್ಕೆ ಹೋಗಿ ಎಲೆ ಕೀಳಬಾರದು. ಇಲಿಗಳನ್ನು ಕೊಂದುದೂ ಇದೇ ಗುಣವೆಂಬುದನ್ನು ಮರೆಯಬಾರದು, ಎಲೆ ವಿಷವೇ. ಎಲೆಯಲ್ಲಿ ಸತ್ತ್ವವಿರುವುದು ಅತ್ಯಲ್ಪ. ಅದನ್ನು ಶೋಧಿಸಿ, ಅಳೆದು, ವೈದ್ಯರೇ ರಕ್ತನಾಳಕ್ಕೆ ಕೊಡಬೇಕು. ಯಾವುದೋ ಸೊಪ್ಪು ಚಿಟ್ಟಿಲಿಯ ಗಡ್ಡೆಯನ್ನು ಕರಗಿಸಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಅಂಥ ಸೊಪ್ಪುಗಳಲ್ಲಿ ಹೆಚ್ಚಿನವು ಮನುಷ್ಯರವರೆಗೆ ಬರಲಿಲ್ಲ. ಸುದ್ದಿಯನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟವರಿಗೆ ಕಳೆದ ಕಾಲ ಮರಳಿ ಬಾರದು. ಮುಂದೆ ಅಂಥ ಸುದ್ದಿ ಕಂಡಾಗ, ಯಾವ ಸತ್ತ್ವ, ಎಷ್ಟು ಪ್ರಮಾಣ, ಮನುಷ್ಯರಲ್ಲಿ ಪರೀಕ್ಷೆಯಾಯಿತೆ ಎಂಬ ಮೂರು ಪ್ರಶ್ನೆಗಳನ್ನು ದಯವಿಟ್ಟು ಕೇಳಿ.