ಪಿಂಡಶುದ್ಧಿ: ಆಹಾರದ ಮೂಲವನ್ನು ಅರಸಿದ ಪರಂಪರೆ

ಆಹಾರವು ದೇಹಧಾರಣೆಗೆ ಸಾಧನ. ದೇಹವು ಧರ್ಮಸಾಧನೆಗೆ ಸಾಧನ. ಆದುದರಿಂದ ಆಹಾರವು ಎಲ್ಲಿಂದ ಬಂದಿತು, ಯಾರ ಕೈಯಿಂದ ಬಂದಿತು, ಅದರ ಹಿಂದೆ ಯಾವ ಜೀವಿಯ ನೋವು ಅಡಗಿದೆ ಎಂಬ ವಿಚಾರವು ಜೈನಾಚಾರ್ಯರಿಗೆ ಕೇವಲ ಪಾಕಶಾಲೆಯ ವಿಷಯವಾಗಿರಲಿಲ್ಲ. ಚಾರಿತ್ರದ ತಳಹದಿಯೇ ಆಗಿತ್ತು.

ವಟ್ಟಕೇರಾಚಾರ್ಯರ ಪ್ರಾಕೃತ ಗ್ರಂಥವಾದ ‘ಮೂಲಾಚಾರ’ದಲ್ಲಿ ಪಿಂಡಶುದ್ಧಿಗೆಂದೇ ಒಂದು ಅಧಿಕಾರವು ಮೀಸಲಾಗಿದೆ. ಮುನಿಯು ವರ್ಜಿಸಬೇಕಾದ ಆಹಾರದೋಷಗಳು ಅಲ್ಲಿ 46 ಎಂದು ಎಣಿಸಲ್ಪಟ್ಟಿವೆ. ಇವುಗಳಲ್ಲಿ ಮೊದಲ 16 ದೋಷಗಳಿಗೆ ‘ಉದ್ಗಮ’ ದೋಷಗಳೆಂದೇ ಹೆಸರು. ಉದ್ಗಮವೆಂದರೆ ಹುಟ್ಟು, ಮೂಲ. ಮುನಿಗಾಗಿಯೇ ಉದ್ದೇಶಿಸಿ ಬೇಯಿಸಿದ ಅನ್ನ, ಅವರಿಗಾಗಿ ಕೊಂಡು ತಂದ ಪದಾರ್ಥ, ಸಾಲಮಾಡಿ ತಂದ ಧಾನ್ಯ, ಏಣಿಯೇರಿ ಅಪಾಯಕ್ಕೊಡ್ಡಿಕೊಂಡು ಇಳಿಸಿದ ವಸ್ತು, ರಾಜಭಯದಿಂದಲೋ ಚೋರಭಯದಿಂದಲೋ ಕೊಟ್ಟ ಆಹಾರ, ಒಡೆಯನ ಒಪ್ಪಿಗೆಯಿಲ್ಲದೆ ನೀಡಿದ ಆಹಾರ—ಇವೆಲ್ಲವೂ ಉದ್ಗಮ ದೋಷಗಳೇ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪದಾರ್ಥವು ಸ್ವಭಾವತಃ ಶುದ್ಧವಾಗಿದ್ದರೂ ಅದು ಬಂದ ದಾರಿಯು ಅಶುದ್ಧವಾಗಿದ್ದರೆ ಆಹಾರವು ಗ್ರಾಹ್ಯವಲ್ಲ. ಸಾಲದ ಹೊರೆಯಿಂದಲೂ ಹೆದರಿಕೆಯಿಂದಲೂ ಬಂದ ತುತ್ತಿನಲ್ಲಿ ಹಿಂಸೆಯಿದೆಯೆಂಬುದನ್ನು ಆ ಆಚಾರ್ಯರು ಕಂಡಿದ್ದರು.

ಗೃಹಸ್ಥರಿಗೆ ಇಷ್ಟು ಕಠಿನವಾದ ನಿಯಮಗಳಿಲ್ಲ. ಆದರೂ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ಸೇರಿಸಿ ಶ್ರಾವಕನ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಐದು ಉದುಂಬರ ಫಲಗಳನ್ನೂ ನಿಷೇಧಿಸಿದರು. ಆಲ, ಅಶ್ವತ್ಥ, ಅತ್ತಿ ಮೊದಲಾದ ಈ ಜಾತಿಯ ಹಣ್ಣುಗಳೊಳಗೆ ಸೂಕ್ಷ್ಮ ಕಣಜಗಳು ಹೊಕ್ಕು ಮೊಟ್ಟೆಯಿಡುವುದನ್ನು ಇಂದಿನ ಸಸ್ಯವಿಜ್ಞಾನವೂ ವಿವರಿಸುತ್ತದೆ. ಹಸಿಶುಂಠಿ, ಮೂಲಂಗಿಗಳನ್ನು ಬಿಡಬೇಕೆಂದು ಹೇಳುವಾಗ ಸಮಂತಭದ್ರರು ಕಾರಣವನ್ನೂ ಕೊಟ್ಟಿದ್ದಾರೆ: ಲಾಭ ಸ್ವಲ್ಪ, ಜೀವಘಾತ ಬಹಳ. ಪೋರ್ಚುಗೀಸರ ಆಗಮನದ ನಂತರವಷ್ಟೆ ಭಾರತಕ್ಕೆ ಬಂದ ಆಲೂಗಡ್ಡೆಯ ಹೆಸರು ಪ್ರಾಚೀನ ಶಾಸ್ತ್ರದಲ್ಲಿ ಇರುವುದು ಸಾಧ್ಯವಿರಲಿಲ್ಲ. ಆದರೆ ತತ್ತ್ವವನ್ನು ತಿಳಿದ ಶ್ರಾವಕರು ಹೊಸ ಕಂದವನ್ನೂ ಹಳೆಯ ಅಳತೆಗೋಲಿನಿಂದಲೇ ಅಳೆದರು.

ಕರ್ನಾಟಕದ ಇತಿಹಾಸದಲ್ಲಿ ಈ ವಿಚಾರವು ಶಿಲೆಯಲ್ಲಿಯೂ ತಾಮ್ರದಲ್ಲಿಯೂ ಉಳಿದುಬಂದಿದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನವು, ಹನ್ನೆರಡು ವರ್ಷಗಳ ವಿಷಮಕಾಲವನ್ನು ಭದ್ರಬಾಹುಸ್ವಾಮಿಗಳು ನಿಮಿತ್ತಜ್ಞಾನದಿಂದ ತಿಳಿದುದನ್ನೂ ಸಂಘವು ಉಜ್ಜಯಿನಿಯಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ ಹೇಳುತ್ತದೆ. ಕ್ಷಾಮದಲ್ಲಿ ಜನರೇ ಹಸಿದಿರುವಾಗ ಮುನಿಗೆ ನಿರ್ದೋಷವಾದ ಆಹಾರವು ದೊರೆಯಲಾರದು; ಹಸಿದವನ ಬಾಯಿಂದ ಕಸಿದ ತುತ್ತು ಶುದ್ಧವಾಗಲಾರದು. ಈ ದೃಷ್ಟಿಯಿಂದ ನೋಡಿದರೆ ಆ ಮಹಾಪ್ರಸ್ಥಾನವು ಪಿಂಡಶುದ್ಧಿಯ ರಕ್ಷಣೆಯೂ ಆಗಿತ್ತು.

ಕದಂಬ ರವಿವರ್ಮನ ಹಲಸಿಯ ತಾಮ್ರಶಾಸನವು ಅಷ್ಟಾಹ್ನಿಕ ಮಹೋತ್ಸವಕ್ಕೂ ಮಳೆಗಾಲದ ನಾಲ್ಕು ತಿಂಗಳು ಯತಿಗಳ ಪೋಷಣೆಗೂ ವ್ಯವಸ್ಥೆ ಮಾಡಿದೆ. ಮಳೆಗಾಲದಲ್ಲಿ ನೆಲದ ತುಂಬ ಸೂಕ್ಷ್ಮಜೀವಿಗಳು ಹುಟ್ಟುವುದರಿಂದ ಮುನಿಗಳು ಒಂದೆಡೆ ನಿಲ್ಲುತ್ತಿದ್ದರು. ಆ ಕಾಲದ ಆಹಾರದ ಹೊಣೆಯನ್ನು ಅರಸನೂ ಸಮಾಜವೂ ಹೊತ್ತವು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳ ಪ್ರಶಂಸೆಯು ಮುಂದಿನ ಶತಮಾನಗಳ ಶಾಸನಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ.

ಕನ್ನಡ ಕವಿಗಳೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ಜೀವಬಲಿಯನ್ನು ಒಲ್ಲದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಪದಾರ್ಥದಲ್ಲಿ ಹಿಂಸೆಯಿಲ್ಲದಿದ್ದರೂ ಭಾವದಲ್ಲಿ ಇರಬಹುದೆಂಬುದು ಅಲ್ಲಿಯ ಎಚ್ಚರಿಕೆ. 16ನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಬರೆದು, ಸಸ್ಯಾಹಾರದಲ್ಲಿ ರುಚಿಗೆ ಬಡತನವಿಲ್ಲವೆಂಬುದನ್ನು ತೋರಿಸಿದನು.

ಇಂದು ಪರಿಸ್ಥಿತಿಯು ಬೇರೆಯಾಗಿದೆ. ಹಿಂದೆ ಗೃಹಿಣಿಯು ಧಾನ್ಯವನ್ನು ಆರಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಸೂರ್ಯಾಸ್ತಕ್ಕೆ ಮುನ್ನ ಅಡುಗೆಯನ್ನು ಮುಗಿಸುತ್ತಿದ್ದಳು. ಆಹಾರದ ಮೂಲವು ಅವಳ ಕಣ್ಣೆದುರಿಗಿತ್ತು. ಈಗ ಅದು ಮುಚ್ಚಿದ ಪೊಟ್ಟಣದಲ್ಲಿ ಬರುತ್ತದೆ. ಸರ್ಕಾರದ ನಿಯಮದಂತೆ ಅದರ ಮೇಲಿರುವ ಹಸಿರು ಚಿಹ್ನೆಯು ಉಪಕಾರಿಯೇ ಸರಿ. ಆದರೆ ಜೇನುತುಪ್ಪಕ್ಕೂ ಕಂದಮೂಲಗಳಿಂದಾದ ತಿನಿಸಿಗೂ ಆ ಚಿಹ್ನೆಯೇ ದೊರೆಯುತ್ತದೆ. ಕಾನೂನಿನ ಸಸ್ಯಾಹಾರವೂ ಶ್ರಾವಕನ ಶುದ್ಧಾಹಾರವೂ ಒಂದೇ ಅಲ್ಲ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಇಂದಿನ ಪಿಂಡಶುದ್ಧಿಯ ಮೊದಲ ಪಾಠವೆಂದರೆ ತಪ್ಪಾಗಲಾರದು. ಆ ಧಾನ್ಯವನ್ನು ಬೆಳೆದವನಿಗೆ ನ್ಯಾಯವಾದ ಬೆಲೆ ಸಂದಿತೇ ಎಂದು ಕೇಳುವುದು ಎರಡನೆಯ ಪಾಠ. ಸಾಲ, ಭಯಗಳನ್ನು ದೋಷವೆಂದೆಣಿಸಿದ ಶಾಸ್ತ್ರವು ಈ ಪ್ರಶ್ನೆಗೆ ದಾರಿ ತೆರೆದೇ ಇಟ್ಟಿದೆ.

ಪ್ರತಿಷ್ಠಾ ಮಹೋತ್ಸವದಲ್ಲಿ ಬಿಂಬಕ್ಕೆ ಸಂಸ್ಕಾರವಾಗುವಂತೆ ಶ್ರಾವಕರ ಮನೆಯ ಅಡುಗೆಗೂ ಸಂಸ್ಕಾರವಾಗಬೇಕು. ಮುನಿಸಂಘವು ಊರಿಗೆ ಬಂದಾಗ ಮಾತ್ರ ಪಾಕಶಾಲೆಯು ಶುದ್ಧವಾಗಿ, ಸಂಘವು ಮುಂದಕ್ಕೆ ಹೊರಟೊಡನೆ ಹಳೆಯ ರೂಢಿಗೆ ಮರಳಿದರೆ, ಆ ಶುದ್ಧಿಯು ಮುನಿಗಾಗಿಯೇ ಉದ್ದೇಶಿಸಿದ್ದಾಗುತ್ತದೆ. ಮೂಲಾಚಾರವು ದೋಷವೆಂದುದು ಅದನ್ನೇ. ಗೃಹಸ್ಥನು ತನಗಾಗಿ ಪ್ರತಿದಿನವೂ ಶುದ್ಧವಾಗಿ ಮಾಡಿದ ಅಡುಗೆಯಲ್ಲಿ ಒಂದು ಪಾಲು ಪಾತ್ರರಿಗೆ ಸಲ್ಲಲಿ ಎಂಬುದೇ ಆಹಾರದಾನದ ಹೃದಯ.