ಕ್ರೋಶಾ ಹೂವಿಗೆ ಮೊದಲ ಬೆಲೆ ಕಟ್ಟಿದವರು ಯಾರು?

ನಮ್ಮ ಕಡೆ ಕ್ರೋಶಾ ಹಾಕುವ ಹೆಣ್ಣುಮಕ್ಕಳು ಊರಿಗೆ ಹತ್ತಾರು ಮಂದಿ ಸಿಗುತ್ತಾರೆ. ಬಾಗಿಲಿಗೆ ತೋರಣ, ಟಿವಿ ಮೇಲೆ ಹೊದಿಕೆ, ಕೂಸಿಗೆ ಟೊಪ್ಪಿಗೆ. ಹಾಕಿದ್ದನ್ನೆಲ್ಲ ನೆಂಟರಿಗೆ, ಮದುವೆಗೆ ಕೊಟ್ಟು ಬಿಡುತ್ತಾರೆ. ಈಗ ಕೆಲವರು ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಹಾಕಿ ಮಾರಲು ಶುರು ಮಾಡಿದ್ದಾರೆ. ಆದರೆ "ಎಷ್ಟಕ್ಕೆ ಕೊಡ್ತೀರಿ ಅಕ್ಕ?" ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಈ ಪ್ರಶ್ನೆ ಹೊಸದಲ್ಲ. 175 ವರ್ಷಗಳ ಹಿಂದೆಯೇ ಎದ್ದಿದ್ದು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಅದೇ ಅನ್ನ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಜ್ವರದಿಂದ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆಗ ಕಾರ್ಕ್ ಎಂಬ ಊರಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. 1847ರಲ್ಲಿ ಕ್ಲೋನಿಸ್ ಎಂಬಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅದೇ ಕೆಲಸ ಮಾಡಿದರು. ಇದಕ್ಕೆ ಬೇಕಾಗಿದ್ದು ಒಂದು ಕೊಕ್ಕೆಕಡ್ಡಿ, ಒಂದಿಷ್ಟು ದಾರ. ವೆನಿಸ್ಸಿನ ಸೂಜಿ ಲೇಸು ಒಂದು ತುಂಡಾಗಲು ತಿಂಗಳುಗಟ್ಟಲೆ ಬೇಕು. ಕ್ರೋಶಾದಲ್ಲಿ ಹೆಚ್ಚುಕಡಿಮೆ ಅದೇ ಅಂದ ಬೇಗ ಬರುತ್ತಿತ್ತು.

ಗುಲಾಬಿ, ಎಲೆ, ಮೂರೆಸಳಿನ ಹುಲ್ಲು, ಹೀಗೆ ಒಂದೊಂದು ಮನೆಗೆ ಒಂದೊಂದು ವಿನ್ಯಾಸ. ಪಕ್ಕದ ಮನೆಯವರಿಗೂ ತೋರಿಸದೆ ಗುಟ್ಟಾಗಿ ಇಡುತ್ತಿದ್ದರಂತೆ. ಎಲ್ಲ ಹೂವು ಸೇರಿಸಿ ಕಾಲರ್, ರವಿಕೆ ಮಾಡುವವರು ಬೇರೆ. ಬಂದ ದುಡ್ಡಿನಲ್ಲಿ ಮನೆಗೆ ಹಿಟ್ಟು ಬಂತು, ಜಮೀನ್ದಾರನ ಗೇಣಿ ಸಂದಾಯವಾಯಿತು, ಕೆಲವರಿಗೆ ಅಮೆರಿಕಕ್ಕೆ ಹೋಗುವ ಹಡಗಿನ ಟಿಕೆಟ್ಟೂ ಆಯಿತು. ಆದರೆ ಕೊಳ್ಳುವವರು ಲಂಡನ್, ಪ್ಯಾರಿಸ್ಸಿನ ಸಿರಿವಂತರು. ಹೂವು ಹಾಕಿದ ಹುಡುಗಿ ಅವರ ಮುಖ ಕಂಡವಳಲ್ಲ. ಬೆಲೆ ಕಟ್ಟುತ್ತಿದ್ದವರು ನಡುವಿನವರು.

ಇದೇ ಕೈಕೆಲಸ 19ನೇ ಶತಮಾನದಲ್ಲೇ ನಮ್ಮ ಪಕ್ಕದ ಆಂಧ್ರಕ್ಕೂ ಬಂತು. ಗೋದಾವರಿ ಸಮುದ್ರ ಸೇರುವ ಜಾಗದ ನರಸಾಪುರದಲ್ಲಿ ಬ್ರಿಟನ್ನಿನ ಮಿಷನರಿಗಳು, ಮತಾಂತರಗೊಂಡ ಬಡ ದಲಿತ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ದಾರ ಅವರೇ ಕೊಡುತ್ತಿದ್ದರು, ತಯಾರಾದ ಲೇಸನ್ನು ವಿದೇಶದ ತಮ್ಮ ಪರಿಚಯದವರಿಗೆ ಕಳಿಸುತ್ತಿದ್ದರು. ಅಂದರೆ ಮೊದಲ ಮಾರಾಟ ಅರ್ಧ ವ್ಯಾಪಾರ, ಅರ್ಧ ದಾನ. ಆಮೇಲೆ ವ್ಯಾಪಾರಿಗಳು ಬಂದರು. ದಾನ ಹೋಯಿತು, ದಾರ ಕೊಟ್ಟು ಮಾಲು ಒಯ್ಯುವ ಪದ್ಧತಿ ಮಾತ್ರ ಉಳಿಯಿತು.

ಕಾಪು ಜಾತಿಯ ಹೆಣ್ಣುಮಕ್ಕಳೂ ಈ ಕೆಲಸ ಹಿಡಿದರು. ಅವರಲ್ಲಿ ಹೆಂಗಸರು ಕೂಲಿಗೆ ಹೋಗದೆ ಮನೆಯೊಳಗೆ ಇರುವುದೇ ಮರ್ಯಾದೆ. ಕ್ರೋಶಾ ಹಾಕಿದರೆ ಮರ್ಯಾದೆಯೂ ಉಳಿಯಿತು, ನಾಲ್ಕು ಕಾಸೂ ಬಂತು. ವ್ಯಾಪಾರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಮನೆ ಬಿಟ್ಟು ಬರದವಳು ಪೇಟೆಯ ದರ ಕೇಳುವುದಿಲ್ಲ. ಏಜೆಂಟ್ ಮನೆ ಬಾಗಿಲಿಗೆ ದಾರ ತಂದು ಹಾಕುತ್ತಿದ್ದ, ತಯಾರಾದ ಮಾಲು ಎತ್ತಿಕೊಂಡು ಹೋಗುತ್ತಿದ್ದ. ಹೂವು ಹಾಕುವವಳು ಒಬ್ಬಳು, ಜೋಡಿಸುವವಳು ಇನ್ನೊಬ್ಬಳು. ಹೀಗಾಗಿ ಇಡೀ ಮೇಜುಹಾಸಿಗೆ ಎಷ್ಟು ಬರುತ್ತದೆ ಅನ್ನುವುದು ಇಬ್ಬರಿಗೂ ತಿಳಿಯದು.

1970ರ ದಶಕದ ಕೊನೆಯಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿಗೆ ಬಂದು ಲೆಕ್ಕ ತೆಗೆದರು. 1982ರಲ್ಲಿ ಅವರ ಪುಸ್ತಕ ಹೊರಬಂತು. ಮನೆಗೆಲಸ ಮುಗಿಸಿ ದಿನಕ್ಕೆ 6ರಿಂದ 8 ಗಂಟೆ ಕ್ರೋಶಾ ಹಾಕುವ ಹೆಂಗಸರಿಗೆ ಸಿಗುತ್ತಿದ್ದ ದುಡ್ಡು ಸರ್ಕಾರದ ಕನಿಷ್ಠ ಕೂಲಿಗಿಂತ ಬಹಳ ಕಡಿಮೆ. ರಫ್ತು ಮಾಡುವವರು ಮಾತ್ರ ದೊಡ್ಡವರಾಗಿದ್ದರು. ಇದಕ್ಕೆಲ್ಲ ಎಲ್ಲರ ಬಾಯಲ್ಲೂ ಒಂದೇ ಸಮಜಾಯಿಷಿ: ಇವರು ಕೆಲಸಗಾರರಲ್ಲ, ಗೃಹಿಣಿಯರು, ಬಿಡುವಿನಲ್ಲಿ ಹಾಕುತ್ತಾರೆ. ದಿನಕ್ಕೆ 8 ಗಂಟೆಯ ಬಿಡುವು ಯಾವ ಗೃಹಿಣಿಗೆ ಇದೆಯೋ ನಾನಂತೂ ನೋಡಿಲ್ಲ.

ಈ ಬಿಡುವಿನ ಮಾತು ಇವತ್ತಿಗೂ ನಮ್ಮ ಬಾಯಲ್ಲೇ ಇದೆ. "ಕೂತಲ್ಲೇ ಹಾಕೋದು, ಏನು ಖರ್ಚು" ಅಂತ ಹಾಕಿದವರೇ ಅನ್ನುತ್ತಾರೆ. ಒಂದು ಲೆಕ್ಕ ನೋಡಿ. ದಿನಕ್ಕೆ 2 ಗಂಟೆಯಂತೆ 10 ದಿನ ಕೂತು ಒಂದು ತೋರಣ ಮುಗಿಸಿದಿರಿ ಅಂದುಕೊಳ್ಳಿ. ದಾರಕ್ಕೆ 150 ರೂಪಾಯಿ ಆಯಿತು. 400ಕ್ಕೆ ಕೊಟ್ಟರೆ ಕೈಗೆ ಉಳಿಯುವುದು 250. ಅದನ್ನು 20 ಗಂಟೆಗೆ ಹಂಚಿದರೆ ಗಂಟೆಗೆ ಹನ್ನೆರಡೂವರೆ ರೂಪಾಯಿ. ಕಳೆ ಕೀಳಲು ಕರೆದವರು ಈ ದರ ಹೇಳಿದರೆ ನೀವು ಹೋಗುತ್ತೀರಾ? ಹಾಗಂತ ಮೊದಲ ಸಲವೇ 1,000 ಹೇಳಿದರೆ ಕೊಳ್ಳುವವರು ಓಡಿಹೋಗಬಹುದು, ಅದೂ ನಿಜ. ಆದರೆ ಗಂಟೆ ಎಷ್ಟು ಹಿಡಿಯಿತು ಅಂತ ಕ್ಯಾಲೆಂಡರ್ ಮೇಲೆ ಬರೆದಿಟ್ಟವರು ಎಷ್ಟು ಬಿಟ್ಟುಕೊಡುತ್ತಿದ್ದೇವೆ ಅಂತ ತಿಳಿದೇ ಬಿಟ್ಟುಕೊಡುತ್ತಾರೆ. ನರಸಾಪುರದವರ ಲೆಕ್ಕ ಬರೆಯಲು ಜರ್ಮನಿಯಿಂದ ಒಬ್ಬರು ಬರಬೇಕಾಯಿತು.

ಐರ್ಲೆಂಡಿನ ವ್ಯಾಪಾರ ಯಂತ್ರದ ಲೇಸು, ಬದಲಾದ ಫ್ಯಾಷನ್ನು, ಮೊದಲ ಮಹಾಯುದ್ಧದ ಏಟಿಗೆ ಕುಸಿಯಿತು. ನರಸಾಪುರದ್ದು ಇನ್ನೂ ನಡೆಯುತ್ತಿದೆ. 2024ರಲ್ಲಿ ಅಲ್ಲಿನ ಕ್ರೋಶಾ ಲೇಸಿಗೆ ಜಿಐ ಟ್ಯಾಗ್ ಸಿಕ್ಕಿತು, ನಮ್ಮ ಮೈಸೂರು ರೇಷ್ಮೆಗೆ, ಇಳಕಲ್ ಸೀರೆಗೆ ಇರುವಂಥದ್ದೇ. ಬೇರೆ ಕಡೆಯ ಮಾಲನ್ನು ಇನ್ನು ಆ ಊರಿನ ಹೆಸರಲ್ಲಿ ಮಾರುವಂತಿಲ್ಲ. ಒಂದು ಹೂವಿಗೆ ಕೂಲಿ ಎಷ್ಟು ಅನ್ನುವುದು ಮಾತ್ರ ಆ ಟ್ಯಾಗಿನ ವ್ಯಾಪ್ತಿಗೆ ಬರುವುದಿಲ್ಲ.